ಸುರಕ್ಷತೆಯ ಮಾತು ಯಾಕೆ ಯಾವಾಗಲೂ ಕೊನೆಗೆ?

ತೈಲ ಮತ್ತು ಅನಿಲ ಉದ್ಯಮದವರ ಸಂಘದ ವಾರ್ಷಿಕ ಸಭೆಯಲ್ಲಿ ನನಗೆ ಪ್ರತಿ ಸಲ ಇದೇ ಸಂಕಟ. ಸ್ವಾಗತ, ಸನ್ಮಾನ, ಪ್ರಾಯೋಜಕರ ಮಾತು ಮುಗಿಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಸುರಕ್ಷತೆಯ ಗೋಷ್ಠಿ ಕೊನೆಗೆ, ಖಾಲಿ ಕುರ್ಚಿಗಳ ಮುಂದೆ. ತೈಲ ಬಾವಿ ಕೊರೆಯುವ ರಿಗ್‌ನಲ್ಲಿ ದುಡಿಯುವ ಎಂಜಿನಿಯರ್ ಮೈಕ್ ಹಿಡಿದ ಕೂಡಲೇ ಚೀಟಿ ಬರುತ್ತದೆ: ‘ಬೇಗ ಮುಗಿಸಿ’.

1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಅನ್ನೋ ತೈಲ ತೆಗೆಯುವ ವೇದಿಕೆಯಲ್ಲಿ ಅನಿಲ ಸೋರಿ ಸ್ಫೋಟವಾಗಿ 167 ಜನ ಸತ್ತರು. ರಿಪೇರಿಗೆಂದು ಒಂದು ಪಂಪಿನ ಸುರಕ್ಷತಾ ವಾಲ್ವ್ ಬಿಚ್ಚಿಟ್ಟಿದ್ದರು. ಆ ವಿಷಯ ರಾತ್ರಿ ಪಾಳಿಯವರಿಗೆ ತಲುಪಲೇ ಇಲ್ಲ. ಅವರು ಪಂಪ್ ಚಾಲು ಮಾಡಿದರು. ಪಾಳಿ ಬದಲಾಗುವಾಗ ಏನು ಹೇಳಬೇಕು, ಏನು ಬರೆದಿಡಬೇಕು ಅನ್ನೋದು ಸಣ್ಣ ವಿಷಯವಾ?

ಇದನ್ನೇ ಬೆಳಗ್ಗೆ ಮೊದಲು ಇಡಿ ಅಂತ ಕೇಳುತ್ತಲೇ ಇದ್ದೇನೆ. ‘ಮುಂದಿನ ಸಲ ನೋಡೋಣ’ ಅನ್ನುತ್ತಾರೆ. ಸನ್ಮಾನ ಸಂಜೆ ಮಾಡಿದರೆ ಯಾರಿಗೂ ನಷ್ಟ ಇಲ್ಲ, ಅಲ್ವಾ?