ಪರ-ವಿರೋಧ: ಮೌಲ್ವಿ ಅಲಾವುದ್ದೀನ್ ನಮ್ಮ ಪಾಠಪುಸ್ತಕಕ್ಕೆ ಬೇಕಾ?

ಪರ

1857 ಅಂದರೆ ಮೀರತ್, ಝಾನ್ಸಿ, ಕಾನ್ಪುರ. ನಮ್ಮ ಮಕ್ಕಳಿಗೆ ಅಷ್ಟೇ ಗೊತ್ತು. ಬೀದರ್, ಕಲಬುರಗಿ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಹೈದರಾಬಾದಿನಲ್ಲಿ ಏನಾಯಿತು ಅಂತ ಕೇಳಿ ನೋಡಿ, ಮೇಷ್ಟ್ರೂ ಮುಖ ಮುಖ ನೋಡುತ್ತಾರೆ.

ಜುಲೈ 17, ಶುಕ್ರವಾರ. ಮೆಕ್ಕಾ ಮಸೀದಿಯಲ್ಲಿ ಪ್ರವಚನ ಮಾಡುತ್ತಿದ್ದ ಮೌಲ್ವಿ ಅಲಾವುದ್ದೀನ್ ಮತ್ತು ರೊಹಿಲ್ಲರ (ಪಠಾಣ ಮೂಲದವರ) ನಾಯಕ ತುರ್ರೇಬಾಜ್ ಖಾನ್ ಸುಮಾರು 500 ಜನರನ್ನು ಕಟ್ಟಿಕೊಂಡು ಹೈದರಾಬಾದಿನ ಕೋಠಿಯಲ್ಲಿದ್ದ ರೆಸಿಡೆನ್ಸಿ, ಅಂದರೆ ಬ್ರಿಟಿಷ್ ಪ್ರತಿನಿಧಿಯ ಬಂಗಲೆ ಮೇಲೆ ಬಿದ್ದರು. ದಂಗೆಯೆದ್ದು ತಪ್ಪಿಸಿಕೊಂಡು ಬಂದ ಸೇನೆಯ ಜಮಾದಾರ ಚೀದಾ ಖಾನನನ್ನು ಬಿಡಿಸಬೇಕಿತ್ತು. ಅವನನ್ನು ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದ್ದು ಬೇರೆ ಯಾರೂ ಅಲ್ಲ, ನಿಜಾಮರ ದಿವಾನ ಸಾಲಾರ್ ಜಂಗ್. ದಿವಾನನೇ ಪರಂಗಿಯವರ ಕಡೆ ಇದ್ದಾಗ ಎದುರು ನಿಲ್ಲೋದು ಸಣ್ಣ ಮಾತಾ?

ಮರುವರ್ಷ ನಮ್ಮ ಸುರಪುರದಲ್ಲಿ ವೆಂಕಟಪ್ಪ ನಾಯಕರು ಎದ್ದರು. 1860ರಲ್ಲಿ ಅದೇ ಸುರಪುರ ಇಂಗ್ಲಿಷರಿಂದ ನಿಜಾಮರಿಗೆ ಇನಾಮು! ಎರಡನ್ನೂ ಬೇರೆ ಬೇರೆ ಹೇಳಿದರೆ ಮಕ್ಕಳಿಗೆ ತಲೆಬುಡ ಸಿಗುವುದಿಲ್ಲ.

ತುರ್ರೇಬಾಜ್‌ನನ್ನು ಕೊಂದು ಹೆಣ ತೂಗುಹಾಕಿದರು. ಮೌಲ್ವಿಯನ್ನು 1859ರಲ್ಲಿ ಅಂಡಮಾನಿಗೆ ಅಟ್ಟಿದರು, ಅವರು ಅಲ್ಲೇ ಸತ್ತರು. 'ಒಂದು ರಾತ್ರಿಯ ಗಲಾಟೆ' ಎಂದು ಮೂಗು ಮುರಿಯುವವರು ಇದ್ದಾರೆ. ಗೆದ್ದವರಿಗೆ ಮಾತ್ರ ಪಾಠ ಅಂತಾದರೆ ವೆಂಕಟಪ್ಪ ನಾಯಕರ ಪುಟವನ್ನೂ ಹರಿದು ಹಾಕಲಿ!

ವಿರೋಧ

ಈ ಕಡೆಯಿಂದ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಮೌಲ್ವಿಯ ಧೈರ್ಯದ ಬಗ್ಗೆ ನನ್ನ ತಕರಾರಿಲ್ಲ, ಪುಸ್ತಕ ದಪ್ಪ ಆಗೋದರ ಬಗ್ಗೆ ಇದೆ. ಸಮಾಜ ವಿಜ್ಞಾನದ ಪಾಠ ಜನವರಿ ಬಂದರೂ ಮುಗಿಯುವುದಿಲ್ಲ. ಕೋಠಿಯಲ್ಲಿ ಸ್ಮಾರಕ ಇದೆ, ರಸ್ತೆಗೆ ತುರ್ರೇಬಾಜ್ ಹೆಸರಿದೆ. ಹೀಗೇ ಬಿಟ್ಟರೆ ನಾಳೆ ಬಸ್ ಸ್ಟ್ಯಾಂಡಿನ ಪ್ರತಿ ಕಲ್ಲಿಗೂ ಒಂದು ಪಾಠ ಕೇಳುತ್ತಾರೆ.

ನಮ್ಮ ಶಾಲೆಯಲ್ಲಿ ಆಗಸ್ಟ್ 15ರ ಭಾಷಣ ಸ್ಪರ್ಧೆ ಇತ್ತು. ಏಳನೇ ಕ್ಲಾಸಿನ ಹುಡುಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡ ಇಸವಿಗಳು. 'ಸೆಲ್ಯುಲರ್ ಜೈಲಿನ ಮೊದಲ ಕೈದಿ ಮೌಲ್ವಿ ಅಲಾವುದ್ದೀನ್!' ಎಂದು ಕೂಗಿದ. ಚಪ್ಪಾಳೆಯೋ ಚಪ್ಪಾಳೆ. ಫಸ್ಟ್ ಪ್ರೈಜು, ಸ್ಟೀಲ್ ಡಬ್ಬಿ. ಅಂಡಮಾನಿನ ಆ ಜೈಲು ಕಟ್ಟಿ ಮುಗಿದದ್ದೇ 1906ರಲ್ಲಿ. ಸ್ಟಾಫ್ ರೂಮಿನಲ್ಲಿ ಹೇಳಿದರೆ, 'ಮೊಬೈಲ್‌ನಲ್ಲಿ ಹಾಗೇ ಇದೆಯಲ್ಲ ಸರ್' ಅಂದರು. ಹುಡುಗನನ್ನು ಕರೆದು ಹೇಳಿದೆ. ಅವನಿಗೆ ಜೈಲಿನ ಚಿಂತೆ ಇಲ್ಲ. 'ಡಬ್ಬಿ ವಾಪಸ್ ಕೊಡಬೇಕಾ ಸರ್?' ಅಂದ.

ಇಂಥದ್ದೇ ಅಚ್ಚಾಗಿ ಊರೂರಿಗೆ ಹೋದರೆ ತಿದ್ದೋರು ಯಾರು? ಮೊದಲು ಸರಿಯಾದ ವಿವರ ಶಿಕ್ಷಕರ ಕೈಗೆ ಬರಲಿ. ಸುರಪುರದ ಪಾಠದ ಕೆಳಗೆ ಮೌಲ್ವಿಯ ಬಗ್ಗೆ ಎರಡು ಸಾಲು ಹಾಕುತ್ತೇವೆ ಅಂದರೆ ನಾನೇನೂ ಅಡ್ಡ ಬರುವುದಿಲ್ಲ.