ನಲವತ್ತಾರು ಸೆಂಟಿನ ಶಿಸ್ತು

ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಲೆಕ್ಕದ ಶಿಸ್ತಿಗೆ ಕೈ ಮುಗಿಯಬೇಕು. ಸೇನೆಯಿಂದ ಮರಳಿದವರು ಶಿಕ್ಷಣ ಭತ್ಯೆಯಲ್ಲಿ ವಿಮಾನ ಹಾರಿಸುವುದನ್ನೂ ಕಲಿಯಬಹುದು ಎಂದು ಉದಾರವಾಗಿ ಹೇಳಿ, 2024-25ರ ಸಾಲಿಗೆ ವರ್ಷದ ಮಿತಿಯನ್ನು 16,535 ಡಾಲರ್ 46 ಸೆಂಟ್ ಎಂದು ನಿಗದಿ ಮಾಡಿತು. ಆ 46 ಸೆಂಟನ್ನು ಗಮನಿಸಿ. ಯಾವನೋ ಮಾಜಿ ಯೋಧ ನಲವತ್ತೇಳನೆಯ ಸೆಂಟಿಗೆ ಕೈ ಚಾಚಿ ಖಜಾನೆಯನ್ನೇ ಬರಿದು ಮಾಡಿಬಿಟ್ಟಾನು!

ಈ ಎಚ್ಚರವೆಲ್ಲ ಸ್ವತಂತ್ರವಾಗಿ ನಡೆಯುವ ಹಾರಾಟ ಶಾಲೆಗಳಿಗೆ ಮಾತ್ರ. ಅದೇ ಯೋಧ ಸರ್ಕಾರಿ ಕಾಲೇಜಿನಲ್ಲಿ ಪೈಲಟ್ ಪದವಿಗೆ ಸೇರಿದನೋ, ಮಿತಿಯೇ ಇಲ್ಲ. ಕಾಲೇಜಿನ ಬಳಿ ವಿಮಾನ ಇರಬೇಕೆಂದೂ ಇಲ್ಲ. ಖಾಸಗಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡರೆ ಆಯಿತು. ಕಂಪನಿ ಬಿಲ್ಲು ಬರೆಯುತ್ತದೆ, ಕಾಲೇಜು ಮೊಹರು ಒತ್ತುತ್ತದೆ, ಸರ್ಕಾರ ತೆರುತ್ತದೆ. 2015ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬಯಲಿಗೆಳೆದ ಲೆಕ್ಕದಲ್ಲಿ ಒಬ್ಬನೇ ವಿದ್ಯಾರ್ಥಿಯ ಹೆಲಿಕಾಪ್ಟರ್ ತರಬೇತಿಗೆ ಐದು ಲಕ್ಷ ಡಾಲರ್ ದಾಟಿದ ಪ್ರಕರಣಗಳಿದ್ದವು. ಅಲ್ಲಿ ಸೆಂಟುಗಳನ್ನು ಯಾರು ಎಣಿಸಿದರೋ!

ಪರವಾನಗಿಯ ನಿಯಮವಂತೂ ಇನ್ನೂ ಸೊಗಸು. ಸಣ್ಣ ಹಾರಾಟ ಶಾಲೆಯಲ್ಲಿ ಭತ್ಯೆ ಪಡೆದು ವೃತ್ತಿಪರ ತರಬೇತಿಗೆ ಸೇರಬೇಕಾದರೆ ಖಾಸಗಿ ಪೈಲಟ್ ಪರವಾನಗಿ ಮೊದಲೇ ಕೈಯಲ್ಲಿರಬೇಕು. ಅದನ್ನು ಗಳಿಸುವ ಖರ್ಚು ನಿಮ್ಮದೇ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕಾರಣವೇನೆಂದರೆ, ಆ ಮೊದಲ ಹಂತ ಬರೀ ಹವ್ಯಾಸವಂತೆ. ಕಾಲೇಜಿನ ಪದವಿಯೊಳಗೆ ಸೇರಿಸಿಬಿಟ್ಟರೆ ಅದೇ ಹಂತ ಉನ್ನತ ಶಿಕ್ಷಣವಾಗುತ್ತದೆ!

ಹವ್ಯಾಸಗಳ ಮೇಲಿನ ಈ ಸಿಟ್ಟು ಹಳೆಯದು. ಎರಡನೆಯ ಮಹಾಯುದ್ಧ ಮುಗಿಸಿ ಬಂದವರು ಸರ್ಕಾರದ ಖರ್ಚಿನಲ್ಲಿ ಮೋಜಿಗಾಗಿ ಹಾರಾಡುತ್ತಿದ್ದಾರೆ, ನೃತ್ಯ ಕಲಿಯುತ್ತಿದ್ದಾರೆ ಎಂದು 1948ರಲ್ಲೇ ಅಮೆರಿಕದ ಸಂಸತ್ತು ಕೆರಳಿತ್ತು. ಇಂದಿಗೂ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿ ಮದ್ಯ ಬೆರೆಸಿ ಕೊಡುವ ಬಾರ್ಟೆಂಡರ್ ತರಬೇತಿ ಮತ್ತು ವ್ಯಕ್ತಿತ್ವ ವಿಕಸನ ತರಬೇತಿ ಒಂದೇ ಸಾಲಿನಲ್ಲಿ ಕುಳಿತಿವೆ. ಈ ಜೋಡಣೆ ಮಾಡಿದ ಪುಣ್ಯಾತ್ಮನಿಗೆ ಎರಡನೆಯದರ ಬಗ್ಗೆ ನನಗಿರುವ ಅಭಿಪ್ರಾಯವೇ ಇದ್ದಿರಬೇಕು. ಮೊದಲನೆಯದಕ್ಕೆ ಮಾತ್ರ ಅನ್ಯಾಯವಾಯಿತು.

ಇನ್ನು 85-15 ನಿಯಮ. ಒಂದು ತರಗತಿಯಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಮಂದಿ ಇಲಾಖೆಯ ಹಣದಲ್ಲಿ ಕಲಿಯುವಂತಿಲ್ಲ. ಉಳಿದ ಹದಿನೈದು ಮಂದಿ ಸ್ವಂತ ದುಡ್ಡು ಸುರಿಯಲು ತಯಾರಿದ್ದರೆ ಶುಲ್ಕ ನ್ಯಾಯವಾದದ್ದು ಎಂಬುದು ತರ್ಕ. ಒಳ್ಳೆಯ ತರ್ಕವೇ. ಆದರೆ ಅಪ್ಪನ ಗಂಟು ಬಿಚ್ಚಿ ಐದು ಲಕ್ಷ ಡಾಲರಿಗೆ ಹೆಲಿಕಾಪ್ಟರ್ ಕಲಿಯುವ ಆ ಹದಿನೈದು ಮಹಾನುಭಾವರನ್ನು ಹುಡುಕಿ ತರುವುದು ಎಲ್ಲಿಂದ? 2022ರಲ್ಲಿ ಕಾನ್ಸಾಸಿನ ಸಮುದಾಯ ಕಾಲೇಜೊಂದು ಮತ್ತು ಅದರ ಜೊತೆಗಾರ ಹೆಲಿಕಾಪ್ಟರ್ ಶಾಲೆ 75 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಆನ್‌ಲೈನಿನಲ್ಲಿ ಒಂದೇ ಒಂದು ಪಾಠಕ್ಕೆ ಸೇರಿದವರನ್ನೂ ಪೂರ್ಣಾವಧಿ ವಿದ್ಯಾರ್ಥಿಗಳೆಂದು ಲೆಕ್ಕಕ್ಕೆ ಹಿಡಿದರು ಎಂಬುದು ಸರ್ಕಾರದ ದೂರು. ಮನೆಯ ಸೋಫಾದ ಮೇಲೆ ಕುಳಿತೇ ಹಾರಾಟದ ತರಗತಿಯ ಭರ್ತಿ!

ಇಷ್ಟು ಹೊತ್ತು ನಕ್ಕದ್ದು ಸಾಕು. 2015ರಲ್ಲಿ ಅರಿಜೋನಾದ ಯಾವಪಾಯ್ ಕಾಲೇಜಿನ ಮೇಲೆ ಇದೇ ನಿಯಮ ಪ್ರಯೋಗವಾದಾಗ ಬಾಗಿಲು ಮುಚ್ಚಿದ್ದು ಹೊಸದಾಗಿ ಸೇರಲು ಬಂದ ಮಾಜಿ ಸೈನಿಕರಿಗೆ. ಶುಲ್ಕ ನಿಗದಿ ಮಾಡಿದವರು ಅವರಲ್ಲ, ಬಿಲ್ಲು ಬರೆದವರೂ ಅವರಲ್ಲ. ಈ ಗೋಜೇ ಬೇಡವೆಂದು ಸಣ್ಣ ಹಾರಾಟ ಶಾಲೆಗೆ ಹೋದರೆ ಅಲ್ಲಿ ತಿಂಗಳ ವಸತಿ ಭತ್ಯೆಯೇ ಇಲ್ಲ. ಕಾಲೇಜಿಗೆ ಹೋದವನಿಗೆ ಇದೆ. ಕಡಿಮೆ ಖರ್ಚು ಮಾಡಿಸುವವನಿಗೆ ದಂಡ.

ಕಾಲೇಜುಗಳಿಗೂ ಮಿತಿ ಹಾಕುವ ಮಸೂದೆ 2015ರಲ್ಲೇ ಸಂಸತ್ತಿಗೆ ಬಂದಿತ್ತು, ಕಾಯ್ದೆಯಾಗಲಿಲ್ಲ. 2017ರಲ್ಲಿ ಶಿಕ್ಷಣ ಭತ್ಯೆಯ ಕಾಯ್ದೆಯನ್ನೇ ದೊಡ್ಡದಾಗಿ ತಿದ್ದಿದರು, ಟ್ರಂಪ್ ಸಹಿ ಹಾಕಿದರು, ಈ ತೂತು ಮಾತ್ರ ಹಾಗೆಯೇ ಉಳಿಯಿತು. ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ಕಂಡಿತ್ತು, ಬಿಟ್ಟರು.