ಬಂಪರ್ ಒಂದು ಕೆಂಪು, ಬಾಗಿಲು ಇನ್ನೊಂದು ಕೆಂಪು

ಬೆಂಗಳೂರಿನ ಶೋರೂಮ್ ದೀಪದಡಿ ಥಳಥಳಿಸುತ್ತಿದ್ದ ಹಳೆಯ ಸ್ಪೋರ್ಟ್ಸ್ ಕಾರು ಬಳ್ಳಾರಿಯ ಬಿಸಿಲಿಗೆ ಬಂದದ್ದೇ ತಡ, ಬಣ್ಣ ಬಯಲಾಯಿತು. ಬಂಪರ್ ಒಂದು ಕೆಂಪು, ಬಾಗಿಲು ಇನ್ನೊಂದು ಕೆಂಪು. ಬಾನೆಟ್ ತುಂಬ ಕಿತ್ತಳೆ ಸಿಪ್ಪೆಯ ತರಿತರಿ. ಬಾಗಿಲಿನ ರಬ್ಬರಿಗೆ ಸಿಡಿದ ಬಣ್ಣವನ್ನು ಒರೆಸುವ ಸೌಜನ್ಯವೂ ಇಲ್ಲ. ಕೇಳಿದರೆ ಮಾರಿದವರ ಉತ್ತರ: “ಸಣ್ಣ ಟಚಪ್ ಅಷ್ಟೇ ಸರ್, ಉಳಿದದ್ದೆಲ್ಲ ಕಂಪನಿ ಪೇಂಟೇ.”

ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಿರುತ್ತದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟರೆ ಹಿಂದಿನ ಫೆಂಡರ್ 400 ದಾಟಿತು. ಒಳಗಿರುವುದು ಪುಟ್ಟಿ, ಇನ್ನೇನು! ಪ್ಲಾಸ್ಟಿಕ್ ಬಂಪರಿನ ಮೇಲೆ ಆ ಮೀಟರ್ ಏನೂ ಹೇಳುವುದಿಲ್ಲ, ಅಲ್ಲಿ ಕಣ್ಣೇ ಗತಿ.

ಇಲ್ಲೇ ಮತ್ತೆ ಬಣ್ಣ ಹೊಡೆಸೋಣವೆಂದರೆ, ನಮ್ಮ ಊರಿನ ಪೇಂಟರ್ ಕೈ ಒಳ್ಳೆಯದು, ಒಪ್ಪುತ್ತೇನೆ. ಆದರೆ ತೆರೆದ ಶೆಡ್ಡಿನಲ್ಲಿ, ಸಂಡೂರು ಕಡೆಯ ಅದಿರು ಲಾರಿಗಳ ದೂಳು ಇನ್ನೂ ಒಣಗದ ಲ್ಯಾಕರ್ (ಮೇಲಿನ ಹೊಳಪಿನ ಪದರ) ಮೇಲೆ ಬಂದು ಕುಳಿತರೆ ಅವನಾದರೂ ಏನು ಮಾಡಿಯಾನು? ಮೆಟಾಲಿಕ್ ಬಣ್ಣಕ್ಕೆ ಕಂಪನಿಯ ಬಣ್ಣದ ಕೋಡ್ ಒಂದೇ ಇದ್ದರೂ ಸ್ಪ್ರೇ ಗನ್ನಿನ ಒತ್ತಡ ಬದಲಾದರೆ ಛಾಯೆಯೂ ಬದಲಾಗುತ್ತದೆ. ಪಕ್ಕದ ಪ್ಯಾನೆಲ್‌ಗೂ ಬಣ್ಣವನ್ನು ತೆಳುವಾಗಿ ಬೆರೆಸಿಕೊಂಡು ಹೋಗಬೇಕು ಎಂದರೆ, “ಅಷ್ಟು ಸೂಕ್ಷ್ಮವಾಗಿ ಯಾರು ನೋಡುತ್ತಾರೆ ಅಣ್ಣಾ?” ಎನ್ನುತ್ತಾನೆ. ದುಡ್ಡು ಕೊಡುವ ನಾನು ನೋಡುತ್ತೇನಲ್ಲ ಮಾರಾಯ!